ನಾರಿಗೆ ಓಟ್ಸೇ ಬೇಕೆ?

ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳ ಊಟದಲ್ಲಿ ನಾರಿನಂಶ ಸಾಲದು, ಓಟ್ಸ್, ಅಗಸೆ ಬೀಜ, ಇಸಬ್‌ಗೋಲ್ ಕೊಳ್ಳುವ ರೂಢಿ ಬರಬೇಕು ಎಂಬುದು ಕಳೆದ ವಾರದ ಆರೋಗ್ಯ ಪುರವಣಿಯ ಲೇಖನದ ವಾದ. ಕೊರತೆ ಇರುವುದು ನಿಜ. ಹೇಳಿದ ಮದ್ದನ್ನು ಒಪ್ಪಲಾಗದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಓಟ್ಸ್‌ನಲ್ಲಿರುವುದೂ 10ರ ಆಸುಪಾಸು. ಹೀಗಿರುವಾಗ ನಮ್ಮ ಬಯಲುಸೀಮೆ ಹೊಲದ ಬೆಳೆ ಬಿಟ್ಟು ದುಬಾರಿ ಪೊಟ್ಟಣ ಏಕೆ? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ಹೇಳಿದ್ದು ದಿನಕ್ಕೆ ಕನಿಷ್ಠ 25 ಗ್ರಾಂ. ಎರಡು ಹೊತ್ತಿನ ಮುದ್ದೆಗೆ 200 ಗ್ರಾಂ ಹಿಟ್ಟು ಹಿಡಿದರೆ 22 ಅಲ್ಲೇ ಬಂತು. ಉಳಿದದ್ದಕ್ಕೆ ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ ಧಾರಾಳ.

ಲೇಖಕರ ಕಣ್ಣಿಗೆ ಬೀಳದೇ ಹೋದದ್ದು ಜರಡಿ. ಮುದ್ದೆ ನುಣ್ಣಗಾಗಲಿ ಎಂದು ಗಿರಣಿಯಿಂದ ತಂದ ಹಿಟ್ಟನ್ನು ಸಣ್ಣ ಕಣ್ಣಿನ ಜರಡಿ ಹಿಡಿದು, ಮೇಲುಳಿದ ತೌಡನ್ನು ಕಲಗಚ್ಚಿಗೆ ಸುರಿಯುತ್ತೇವೆ. (ಎಮ್ಮೆಗೆ ಮಲಬದ್ಧತೆ ಇಲ್ಲ, ನಮಗಿದೆ.) ಮಕ್ಕಳು ಮುದ್ದೆ ನುಂಗುವುದಿಲ್ಲ ಎನ್ನುವವರು ಈರುಳ್ಳಿ, ನುಗ್ಗೆಸೊಪ್ಪು ಕಲಸಿ ರಾಗಿ ರೊಟ್ಟಿ ತಟ್ಟಿ ಕೊಡಲಿ.

ಇಸಬ್‌ಗೋಲ್ ವೈದ್ಯರು ಹೇಳಿದವರಿಗಿರಲಿ. ಇಡೀ ಮನೆಯ ದಿನಸಿ ಚೀಟಿಗೆ ಅದನ್ನು ಸೇರಿಸುವ ಅಗತ್ಯವಿಲ್ಲ.