‘ದುಡ್ಡಿದ್ದವರೂ ಸತ್ತರಲ್ಲ’ ಎನ್ನುವವರಿಗೆ

ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಚಿಕಿತ್ಸೆ ಉಳ್ಳವರಿಗೊಂದು, ಇಲ್ಲದವರಿಗೊಂದು ಆಗಿತ್ತು ಅಂತ ಯಾರಾದರೂ ಬಾಯಿ ತೆರೆದರೆ ಸಾಕು, ನಾಲ್ಕಾರು ಉತ್ತರಗಳು ತಯಾರಾಗಿ ಬಂದು ನಿಲ್ಲುತ್ತವೆ. ಮದುವೆಮನೆಯ ಪಂಕ್ತಿಯಲ್ಲಿ, ಟಿ.ವಿ. ಚರ್ಚೆಯಲ್ಲಿ, ಡಾಕ್ಟರುಗಳ ಸಭೆಯಲ್ಲಿ ಎಲ್ಲೆಲ್ಲೂ ಅವೇ. ಹಾಗೆ ಹೇಳುವವರೆಲ್ಲ ಕಟುಕರೇನಲ್ಲ. ತಮ್ಮ ಮನೆಯಲ್ಲೂ ಸಾವು ಕಂಡವರು ಅವರಲ್ಲಿ ಬಹಳ ಮಂದಿ ಇದ್ದಾರೆ. ಅದಕ್ಕೇ ಒಂದೊಂದು ಮಾತನ್ನೂ ಎತ್ತಿಕೊಂಡು ಉತ್ತರಿಸುವುದು ಸರಿ ಅನ್ನಿಸಿತು.

ಮೊದಲನೆಯದೇ ಅವರ ಬಲವಾದ ವಾದ. ‘ಎರಡನೇ ಅಲೆಯಲ್ಲಿ ಕಟ್ಟುಗಟ್ಟಲೆ ನೋಟು ಹಿಡಿದು ನಿಂತವರಿಗೂ ಬೆಡ್ ಸಿಗಲಿಲ್ಲ. ಕೋಟ್ಯಧಿಪತಿಗಳೂ ಸತ್ತರು. ವೈರಸ್ಸಿಗೆ ಬಡವ, ಬಲ್ಲಿದ ಅಂತ ಭೇದವಿತ್ತೇ?’

2021ರ ಏಪ್ರಿಲ್ ಕೊನೆ, ಮೇ ಮೊದಲ ವಾರದ ಬೆಂಗಳೂರನ್ನು ಕಂಡವರು ಇದನ್ನು ಸುಳ್ಳು ಅನ್ನಲಾರರು. ಆ ಹದಿನೈದು ದಿನ ಐಸಿಯು ಬಾಗಿಲಲ್ಲಿ ಹಣದ ಆಟ ನಿಜಕ್ಕೂ ಹೆಚ್ಚು ನಡೆಯಲಿಲ್ಲ. ಆದರೆ ಐಸಿಯು ಬಾಗಿಲು ಕಾಯಿಲೆಯ ಕೊನೇ ಅಂಕ. ಅಲ್ಲಿಂದ ಎಂಟು ಹತ್ತು ದಿನ ಹಿಂದಕ್ಕೆ ಹೋಗಿ, ಜ್ವರ ಬಂದ ದಿನಕ್ಕೆ. ಅಪಾರ್ಟ್‌ಮೆಂಟಿನ ಮನೆಯಾದರೆ ಲ್ಯಾಬಿನವನೇ ಬಾಗಿಲಿಗೆ ಬಂದು ಗಂಟಲು, ಮೂಗಿನ ಮಾದರಿ ತೆಗೆದುಕೊಂಡು ಹೋದ. ವರದಿ ಮೊಬೈಲಿಗೆ ಬಂತು. ರೋಗಿಗೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಬಚ್ಚಲು. ದಿನಕ್ಕೆ ಆರು ಸಲ ಬೆರಳಿಗೆ ಆಕ್ಸಿಮೀಟರ್. ಸಂಖ್ಯೆ 94ಕ್ಕೆ ಇಳಿದ ಕೂಡಲೇ ಪರಿಚಯದ ಡಾಕ್ಟರಿಗೆ ವಿಡಿಯೊ ಕರೆ. ಅವರು ಸ್ಟೀರಾಯ್ಡ್ ಯಾವಾಗ ಶುರುಮಾಡಬೇಕು, ಬೋರಲು ಹೇಗೆ ಮಲಗಬೇಕು ಅಂತ ಹೇಳಿಕೊಟ್ಟರು. ಬಾಡಿಗೆಗೋ ಕ್ರಯಕ್ಕೋ ಒಂದು ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಇಷ್ಟರಲ್ಲೇ ಎಷ್ಟೋ ಜನ ಗುಣವಾದರು. ಅವರು ಬೆಡ್ ಹುಡುಕುವ ಪ್ರಸಂಗವೇ ಬರಲಿಲ್ಲ.

ಈಗ ವಠಾರದ ಒಂದು ಕೋಣೆಯ ಮನೆ. ಐದು ಜನ, ನಾಲ್ಕು ಮನೆಗೆ ಸೇರಿ ಒಂದು ಕಕ್ಕಸು, ಒಂದು ನಲ್ಲಿ. ಜ್ವರ ಅಂತ ಹೇಳಿಕೊಂಡರೆ ಮನೆಯವರೆಲ್ಲರ ಕೂಲಿ ಹೋಯಿತು, ಆದ್ದರಿಂದ ಎರಡು ದಿನ ಪ್ಯಾರಸಿಟಮಾಲ್ ನುಂಗಿದ್ದಾಯಿತು. ಏಪ್ರಿಲ್ 27ರ ರಾತ್ರಿಯಿಂದ ಬಸ್ಸಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಡೆದೇ ಹೋಗಬೇಕು. ಪರೀಕ್ಷೆಗೆ ಕ್ಯೂ, ವರದಿಗೆ ದಿನಗಟ್ಟಲೆ ಕಾಯುವುದು. ವರದಿ ಪಾಸಿಟಿವ್ ಬಂದು ಪೋರ್ಟಲ್‌ಗೆ ಏರಿದ ಮೇಲೆಯೇ ರೋಗಿಯ ಗುರುತಿನ ಬಿಯು ನಂಬರು. ಆ ನಂಬರಿಲ್ಲದೆ ಬೆಡ್ ಸಹಾಯವಾಣಿ 1912ಕ್ಕೆ ಫೋನು ಮಾಡಿದರೆ ಅತ್ತ ಕಡೆಯ ಹುಡುಗಿ ಪಾಪ ಏನು ಮಾಡಿಯಾಳು? ‘ಬಿಯು ನಂಬರ್ ಹೇಳಿ ಸಾರ್’ ಅಂತಲೇ ಕೇಳುತ್ತಾಳೆ. ಉಸಿರು ಮೇಲೆ ಕೆಳಗೆ ಆಗುತ್ತಿರುವವನ ಹೆಂಡತಿ ಆ ಮೆಸೇಜಿಗಾಗಿ ಫೋನು ಹಿಡಿದು ಕೂತಿರುತ್ತಾಳೆ. ದಾಖಲಾತಿಗೆ ಪಾಸಿಟಿವ್ ವರದಿ ಕಡ್ಡಾಯವಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ್ದು ಮೇ 8ಕ್ಕೆ. ಅಷ್ಟರಲ್ಲಿ ಎಷ್ಟು ಜನ ಆ ನಂಬರಿನ ದಾರಿ ನೋಡುತ್ತಲೇ ಹೋದರೋ! ಆಸ್ಪತ್ರೆ ಮುಟ್ಟಿದವರ ಕೇಸ್‌ಶೀಟಿನಲ್ಲಿ ಡಾಕ್ಟರು ‘ತಡವಾಗಿ ಬಂದಿದ್ದಾರೆ’ ಅಂತ ಬರೆದರು. ಬರೆದದ್ದು ನಿಜವೇ. ಯಾಕೆ ತಡವಾಯಿತು ಅನ್ನುವುದಕ್ಕೆ ಕೇಸ್‌ಶೀಟಿನಲ್ಲಿ ಜಾಗವಿಲ್ಲ.

ಉಳ್ಳವರಿಗೆ ಸಿಕ್ಕಿದ್ದು ಆ ಹತ್ತು ದಿನಗಳು. ಕೊನೆಯಲ್ಲಿ ಇಬ್ಬರಿಗೂ ಬೆಡ್ ಸಿಗಲಿಲ್ಲ ಅನ್ನುವುದನ್ನೇ ಹಿಡಿದು ಸಮಾನತೆ ಅಂದರೆ ಆ ಹತ್ತು ದಿನಗಳ ಲೆಕ್ಕ ಕೊಡುವವರು ಯಾರು?

ಎರಡನೆಯ ಉತ್ತರ: ‘ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಪುಕ್ಕಟೆ ಇತ್ತು. ಖಾಸಗಿಯಲ್ಲೂ ಅರ್ಧ ಹಾಸಿಗೆ ಸರ್ಕಾರದ ಕೋಟಾಕ್ಕೆ ಹೋಗಿತ್ತು. ಇನ್ನೇನು ಬೇಕಿತ್ತು?’

ಪುಕ್ಕಟೆ ಇತ್ತು, ಒಪ್ಪಿದೆ. ಎಲ್ಲಿತ್ತು ಅನ್ನುವುದು ಪ್ರಶ್ನೆ. ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲೂ ಪುಕ್ಕಟೆ ಇತ್ತು. 2021ರ ಮೇ 2ರ ರಾತ್ರಿ ಅಲ್ಲಿ ಸಿಲಿಂಡರು ಮುಗಿದವು, ಮೈಸೂರಿನಿಂದ ಬರಬೇಕಾದದ್ದು ಹೊತ್ತಿಗೆ ಬರಲಿಲ್ಲ. ಬೆಳಗಾಗಿ ಸಂಜೆಯಾಗುವುದರೊಳಗೆ 24 ಜನ ಸತ್ತಿದ್ದರು. ಅವರಲ್ಲಿ ಮೂವರು ಮಾತ್ರ ಆಮ್ಲಜನಕವಿಲ್ಲದೆ ಸತ್ತವರು ಅಂತ ಸರ್ಕಾರ ಹೇಳಿತು. ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಲೆಕ್ಕ ಹಾಕಿದಾಗ ಆ ಮೂರು, 24ನ್ನೂ ದಾಟಿ ಮೂವತ್ತಾರಾಯಿತು. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ ನಿಂತು, ಆಮ್ಲಜನಕದ ಕೊರತೆಯಿಂದ ಸತ್ತರೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದಿತು! ರಾಜಧಾನಿಯ ದೊಡ್ಡ ಆಸ್ಪತ್ರೆಗಳೂ ಆಮ್ಲಜನಕಕ್ಕೆ ಒದ್ದಾಡಿದವು, ಆದರೆ ಅವುಗಳ ಕೂಗು ಗಂಟೆಯೊಳಗೆ ಟಿ.ವಿ.ಗೆ, ಮಂತ್ರಿಗೆ, ಕೋರ್ಟಿಗೆ ಮುಟ್ಟುತ್ತಿತ್ತು. ಚಾಮರಾಜನಗರದ ಕೂಗು ಮುಟ್ಟಿದ್ದು ಹೆಣ ಎಣಿಸಿದ ಮೇಲೆ.

ಇನ್ನೊಂದನ್ನು ಈ ಉತ್ತರ ಕೊಡುವವರು ಮರೆತೇಬಿಡುತ್ತಾರೆ. 2020ರ ಮಾರ್ಚಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್ಡಿಗೆಂದೇ ಮೀಸಲಿಟ್ಟರು. ಸೋಂಕಿತರಿಗೆ ಅದು ಬೇಕಾಗಿತ್ತು, ಸರಿಯೇ. ಆದರೆ ಬೇರೆ ಕಾಯಿಲೆಗಳಿಗೆ ಅಲ್ಲಿಗೇ ಬರುತ್ತಿದ್ದವರು ಎಲ್ಲಿಗೆ ಹೋಗಬೇಕಿತ್ತು? ದುಡ್ಡು ಕೊಟ್ಟು ಹೋಗುವ ಆಸ್ಪತ್ರೆಗಳು ಕೋವಿಡ್ಡಿನ ಜೊತೆಗೆ ಬೇರೆ ರೋಗಗಳನ್ನೂ ನೋಡುತ್ತಿದ್ದವು. ಬಡವರ ಆಸ್ಪತ್ರೆ ಮಾತ್ರ ಬಡವರ ಬಾಕಿ ಕಾಯಿಲೆಗಳಿಗೆ ಬಾಗಿಲು ಹಾಕಿತು. ಅಂದಹಾಗೆ ಆ ಆಗಸ್ಟಿನಲ್ಲಿ ಮುಖ್ಯಮಂತ್ರಿಗೂ ವಿರೋಧಪಕ್ಷದ ನಾಯಕರಿಗೂ ಎರಡು ದಿನದ ಅಂತರದಲ್ಲಿ ಸೋಂಕು ತಗುಲಿತು. ಇಬ್ಬರೂ ದಾಖಲಾದದ್ದು ಒಂದೇ ಖಾಸಗಿ ಆಸ್ಪತ್ರೆಗೆ. ವಿಧಾನಸಭೆಯಲ್ಲಿ ಕಾಣದ ಒಮ್ಮತ!

ಕೋಟಾದ ಮಾತಿಗೆ ಬಂದರೆ, ಆ ಹಾಸಿಗೆಗಳನ್ನು ಪಾಲಿಕೆಯ ಕೋವಿಡ್ ವಾರ್ ರೂಮಿನಿಂದ ಹಂಚುತ್ತಿದ್ದರು. ಅಲ್ಲಿ ಬ್ಲಾಕಿಂಗ್ ದಂಧೆ ನಡೆದಿದೆ ಅಂತ 2021ರ ಮೇ 4ರಂದು ಸಂಸದರೊಬ್ಬರು ಆರೋಪಿಸಿದರು. ಯಾರ ಹೆಸರಲ್ಲಿ ಯಾರು ಹಾಸಿಗೆ ಹಿಡಿದಿಟ್ಟರು, ಅದು ಯಾರಿಗೆ ಎಷ್ಟಕ್ಕೆ ಹೋಯಿತು ಅನ್ನುವುದನ್ನು ಊರಿಗೆ ಊರೇ ಕೇಳಬೇಕಿತ್ತು. ಅದನ್ನು ಬಿಟ್ಟು ಮಾತು ಆ ಸಂಸದರು ಓದಿ ಹೇಳಿದ ಹದಿನೇಳು ಸಿಬ್ಬಂದಿಯ ಹೆಸರುಗಳ ಧರ್ಮದ ಕಡೆ ತಿರುಗಿತು.

ಮೂರನೆಯದು ವೈದ್ಯಮಿತ್ರರದು: ‘ಖಾಸಗಿಯವರನ್ನು ಬೈಯಬೇಡಿ. ಪಿಪಿಇ ಕಿಟ್, ನರ್ಸುಗಳಿಗೆ ದುಪ್ಪಟ್ಟು ಸಂಬಳ, ಖಾಲಿ ಬಿಟ್ಟ ವಾರ್ಡುಗಳು, ಇದರ ಖರ್ಚು ಯಾರು ಕೊಡುತ್ತಾರೆ?’ ಖರ್ಚು ಹೆಚ್ಚಿತ್ತು, ಜೀವ ಒತ್ತೆಯಿಟ್ಟು ದುಡಿದವರಿದ್ದರು, ಎರಡೂ ನಿಜ. ಸರ್ಕಾರ ತಾನು ಕಳಿಸಿದ ರೋಗಿಗಳ ಬಿಲ್ಲನ್ನು ತಿಂಗಳಾನುಗಟ್ಟಲೆ ಬಾಕಿಯಿಟ್ಟದ್ದೂ ನಿಜ. ಹಾಗಿದ್ದರೆ 2020ರ ಜೂನ್ ದರಪಟ್ಟಿಯನ್ನೇ ನೋಡೋಣ. ಸ್ವಂತ ಖರ್ಚಿನಲ್ಲಿ ಸೇರುವವರಿಗೆ ಸಾಮಾನ್ಯ ವಾರ್ಡು ದಿನಕ್ಕೆ 10,000 ರೂಪಾಯಿ, ವೆಂಟಿಲೇಟರ್ ಸಹಿತ ಐಸಿಯು 25,000. ಇದು ಲೂಟಿ ತಡೆಯಲು ಸರ್ಕಾರ ಹಾಕಿದ ಮಿತಿ. ತಿಂಗಳಿಗೆ ಹತ್ತು ಸಾವಿರದ ಆಸುಪಾಸು ದುಡಿಯುವ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಹತ್ತು ದಿನದ ವೆಂಟಿಲೇಟರ್ ಅಂದರೆ ಎರಡು ವರ್ಷಕ್ಕೂ ಮೀರಿದ ಸಂಬಳ. ಮಿತಿಯ ಒಳಗೇ ಇಷ್ಟಾದರೆ, ನಿಮ್ಮ ಖರ್ಚು ನ್ಯಾಯವಾದದ್ದೋ ಅಲ್ಲವೋ ಅನ್ನುವ ಚರ್ಚೆಯಿಂದ ಆಕೆಗೇನು ಬಂತು? ನನ್ನ ತಕರಾರು ಇರುವುದು ಜೀವ ಉಳಿಸುವ ಹಾಸಿಗೆಯನ್ನು ಈ ದರದ ಹಿಂದೆ ಇಡಲು ಬಿಟ್ಟ ಏರ್ಪಾಡಿನ ಮೇಲೆ. ಯಾರೋ ಒಬ್ಬ ಡಾಕ್ಟರರ ಮೇಲಲ್ಲ.

‘ನಮ್ಮ ದುಡ್ಡು, ನಾವು ಖರ್ಚು ಮಾಡಿದೆವು. ಅದರಿಂದ ಸರ್ಕಾರದ ಹೊರೆ ಇಳಿಯಿತೇ ಹೊರತು ಯಾರ ತಟ್ಟೆಗೂ ಕೈ ಹಾಕಲಿಲ್ಲ’ ಅನ್ನುವವರದು ನಾಲ್ಕನೆಯ ಉತ್ತರ. ಅಂಗಡಿಯಲ್ಲಿ ಸರಕು ಬೇಕಾದಷ್ಟಿದ್ದಾಗ ಈ ಮಾತು ಸರಿ. 2021ರ ಮೇ ತಿಂಗಳಲ್ಲಿ ಲಸಿಕೆ ಇದ್ದದ್ದೇ ಇಷ್ಟು. ಹೊಸ ನೀತಿಯ ಪ್ರಕಾರ ಅದರಲ್ಲಿ ಕಾಲುಭಾಗ ಖಾಸಗಿಗೆ ಮೀಸಲಾಯಿತು. ಆ ಕಾಲುಭಾಗದ ಅರ್ಧದಷ್ಟನ್ನು ದೇಶದ ಒಂಬತ್ತು ದೊಡ್ಡ ಆಸ್ಪತ್ರೆ ಸಮೂಹಗಳೇ ಕೊಂಡವೆಂದು ಪತ್ರಿಕೆಗಳು ಬರೆದವು. ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಶಾಮಿಯಾನ ಹಾಕಿ ಸೂಜಿ ಚುಚ್ಚಿದರು. ಅದೇ ಗೇಟಿನ ಹೊರಗೆ ನಿಂತ ಸೆಕ್ಯುರಿಟಿಯವನು ಸರ್ಕಾರಿ ಕೇಂದ್ರದಲ್ಲಿ ‘ಸ್ಟಾಕ್ ಇಲ್ಲ’ ಅನ್ನುವ ಬೋರ್ಡು ನೋಡಿ ವಾಪಸು ಬಂದವನು. ಒಂದೇ ಬಾವಿಯ ನೀರು, ಹಗ್ಗ ಉದ್ದವಿದ್ದವನ ಕೊಡ ಮೊದಲು ತುಂಬಿತು.

18ರಿಂದ 44ರ ವಯಸ್ಸಿನವರು ಕೋವಿನ್‌ನಲ್ಲಿ ಆನ್‌ಲೈನ್ ಬುಕ್ ಮಾಡಿದರೆ ಮಾತ್ರ ಲಸಿಕೆ ಅನ್ನುವ ನಿಯಮವಿತ್ತು. ಮೊದಮೊದಲು ಅದರಲ್ಲಿ ಕನ್ನಡವೂ ಇರಲಿಲ್ಲ. ಸ್ಲಾಟು ತೆರೆದ ಕ್ಷಣಾರ್ಧದಲ್ಲಿ ಹಿಡಿಯಬಲ್ಲ ನಗರದ ಮಂದಿ ಕಾರು ತೆಗೆದುಕೊಂಡು ಸುತ್ತಮುತ್ತಲ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಹೋಗಿ ಹಾಕಿಸಿಕೊಂಡು ಬಂದರು. ಆ ಊರಿನವರು ನಿಂತು ನೋಡಿದರು. ಈ ನೀತಿಯಿಂದ ಡಿಜಿಟಲ್ ಸೌಲಭ್ಯ ಇಲ್ಲದವರು ಹೊರಗುಳಿಯುತ್ತಾರೆ ಅಂತ ಸುಪ್ರೀಂ ಕೋರ್ಟ್ ಮೇ 31ರ ಆದೇಶದಲ್ಲಿ ಬರೆಯಬೇಕಾಯಿತು.

‘ಸ್ಲಮ್ಮಿನವರಿಗೆ ಶಿಸ್ತಿರಲಿಲ್ಲ’ ಅನ್ನುವವರಿಗೆ ಉದ್ದದ ಉತ್ತರ ಬೇಡ. ಕರ್ನಾಟಕದ ಮೊದಲ ಸೋಂಕು ಬಂದದ್ದು ಅಮೆರಿಕದಿಂದ, ವಿಮಾನದಲ್ಲಿ. ಅಂತರ ಕಾಯ್ದುಕೊಳ್ಳಲು ಮೊದಲು ಅಂತರ ಇರಬೇಕು. ಒಂದು ನಲ್ಲಿಗೆ ಇಪ್ಪತ್ತು ಕೊಡ ಸಾಲುಗಟ್ಟುವ ಕಡೆ ಆರಡಿ ಎಲ್ಲಿಂದ ತರುತ್ತೀರಿ? ಆ ಓಣಿಗಳಲ್ಲಿ ಮನೆಮನೆ ಸುತ್ತಿ ಜ್ವರ ಕೇಳಿದವರು ಆಶಾ ಕಾರ್ಯಕರ್ತೆಯರು. ತಿಂಗಳಿಗೆ 12,000 ಗೌರವಧನ ಕೊಡಿ ಅಂತ 2020ರ ಜುಲೈನಲ್ಲಿ ಅವರೇ ಕೆಲಸ ನಿಲ್ಲಿಸಿ ಕೂರಬೇಕಾಯಿತು. ಶಿಸ್ತಿನ ಪಾಠವನ್ನು ಎಲ್ಲಿಂದ ಶುರುಮಾಡಬೇಕು ಅನ್ನುವುದನ್ನು ನೀವೇ ಹೇಳಿ.

ಇನ್ನು ನನ್ನನ್ನೇ ಕಟ್ಟಿಹಾಕುವ ಪ್ರಶ್ನೆ: ‘ನಿಮ್ಮ ತಾಯಿಗೆ ಉಸಿರು ಸಿಗದಿದ್ದರೆ ನೀವು ವಶೀಲಿ ಹಚ್ಚುತ್ತಿರಲಿಲ್ಲವೇ?’ ಹಚ್ಚುತ್ತಿದ್ದೆ. ಗೊತ್ತಿರುವ ಶಾಸಕರಿಗೆಲ್ಲ ಫೋನು ಮಾಡುತ್ತಿದ್ದೆ. ಯಾರಾದರೂ ಮಾಡುವುದು ಅದನ್ನೇ. ಹಾಗಿರುವಾಗ ಹಾಸಿಗೆ ಹಂಚುವ ಕೆಲಸ ನನ್ನ ಫೋನಿಗೆ ಎಟುಕುವಂತಿದ್ದರೆ, ಯಾರ ಫೋನನ್ನು ಯಾರೂ ಎತ್ತುವುದಿಲ್ಲವೋ ಅವರ ಪಾಡೇನು? ಈ ಪ್ರಶ್ನೆ ನನ್ನ ವಾದವನ್ನೇ ಗಟ್ಟಿಮಾಡುತ್ತದೆ.

ಕಡೆಯ ಉತ್ತರ ಈಚಿನದು: ‘ಮುಗಿದ ಕಥೆ, ಈಗ್ಯಾಕೆ ಕೆದಕುತ್ತೀರಿ?’ ಮುಗಿದಿಲ್ಲ ಅನ್ನುವುದಕ್ಕೇ ಕೆದಕುವುದು. ಈ ಕಥೆ ಶುರುವಾದದ್ದೂ 2020ರಲ್ಲಲ್ಲ. 2017ರಲ್ಲಿ ಆರೋಗ್ಯ ಸಚಿವರಾಗಿದ್ದ ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳ ದರ ನಿಗದಿಗೆ, ರೋಗಿಗಳ ದೂರು ಕೇಳುವ ಜಿಲ್ಲಾ ಸಮಿತಿಗಳಿಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ತಿದ್ದುಪಡಿ ಮಸೂದೆ ತಂದರು. ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರಾಜ್ಯಾದ್ಯಂತ ಒಪಿಡಿಗಳು ಮುಚ್ಚಿದವು. ಕೊನೆಗೆ ಪಾಸಾದ ಮಸೂದೆಯಲ್ಲಿ ದರ ನಿಗದಿಯ ಅಧಿಕಾರ ಸರ್ಕಾರಿ ಯೋಜನೆಗಳಡಿ ಬರುವ ರೋಗಿಗಳಿಗಷ್ಟೇ ಉಳಿಯಿತು. ಹಾಗಾಗಿ ಸಾಂಕ್ರಾಮಿಕ ಬಂದಾಗ ಸರ್ಕಾರ ಆಸ್ಪತ್ರೆಗಳವರ ಜೊತೆ ಚೌಕಾಸಿ ಮಾಡಿ ದರಪಟ್ಟಿ ಹೊರಡಿಸುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ಬಿಲ್ಲು ಬಾಕಿಯಿದೆ ಅಂತ ಹೆಣ ತಡೆಹಿಡಿಯಬಾರದು ಅಂತ ಅದೇ ತಿದ್ದುಪಡಿಯಲ್ಲಿತ್ತು. 2021ರ ಮೇ ತಿಂಗಳಲ್ಲಿ ಅದನ್ನೇ ಮತ್ತೊಮ್ಮೆ ಆದೇಶ ಹೊರಡಿಸಿ ನೆನಪಿಸಬೇಕಾಯಿತು.

ಕೋವಿಡ್ ದರಪಟ್ಟಿ ಕೋವಿಡ್ ಜೊತೆಗೇ ಹೋಯಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಜಿಡಿಪಿಯ ಶೇ 2.5ರಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ಖರ್ಚುಮಾಡಬೇಕು ಎಂದಿತ್ತು. ಸಾಂಕ್ರಾಮಿಕ ಕಾಲಿಡುವ ಮುಂಚಿನ ವರ್ಷ, 2018–19ರಲ್ಲಿ ಅದು ಶೇ 1.28 ಇತ್ತು, ಆಗಿನ ಒಟ್ಟು ಆರೋಗ್ಯ ವೆಚ್ಚದಲ್ಲಿ ಅರ್ಧದ ಹತ್ತಿರಹತ್ತಿರ ಜನರೇ ಜೇಬಿನಿಂದ ಕೊಟ್ಟಿದ್ದರು. ಕೆಪಿಎಂಇ ತಿದ್ದುಪಡಿ ಮಸೂದೆಯಿಂದ 2017ರಲ್ಲಿ ಕಿತ್ತುಹಾಕಿದ ದರ ನಿಗದಿಯ ಸಾಲುಗಳನ್ನು ವಾಪಸು ಸೇರಿಸುವ ಮಸೂದೆಯನ್ನು ಆಮೇಲೆ ಬಂದ ಯಾವ ಪಕ್ಷದ ಸರ್ಕಾರವೂ ಮಂಡಿಸಿದ್ದು ನನಗೆ ತಿಳಿದಿಲ್ಲ.