ಸಿರಿಮನೆಯ ಚಿತ್ರ ಯಾರದು?

ಜಿಗಣೆ ಕಚ್ಚಿಸಿಕೊಂಡು, ಕೊಡೆಯ ಕೆಳಗೆ ಕ್ಯಾಮೆರಾ ಹಿಡಿದು ಕಿಗ್ಗದ ಹತ್ತಿರದ ಸಿರಿಮನೆ ಜಲಪಾತದಲ್ಲಿ ತೆಗೆದ ಚಿತ್ರ ಸಂಜೆಯೊಳಗೆ ಊರವರ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಹರಿದಾಡುತ್ತದೆ. ಮೂಲೆಯಲ್ಲಿದ್ದ ಹೆಸರು ಮಾತ್ರ ಕತ್ತರಿಸಿಹೋಗಿರುತ್ತದೆ. ಬಾಳಗಡಿ, ಕೊಪ್ಪದ ಛಾಯಾಗ್ರಾಹಕರಿಗೆ ಕಾನೂನಿನ ಬಲವೇನೋ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಾದ ತಿದ್ದುಪಡಿಯಿಂದ ಚಿತ್ರದ ಹಕ್ಕು ತೆಗೆದವರ ಜೀವಮಾನವಿಡೀ, ಆಮೇಲೂ 60 ವರ್ಷ ಉಳಿಯುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ದುಡ್ಡು ಪಡೆದು ತೆಗೆದ ಮದುವೆ ಫೋಟೊ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದೇ ಸ್ವತ್ತು. ಸ್ಟುಡಿಯೊದವರಲ್ಲೇ ಬಹಳ ಮಂದಿಗೆ ಇದು ಗೊತ್ತಿಲ್ಲ. ಹಾಗಾಗಿ ಮುಂಗಡದ ರಸೀದಿಯಲ್ಲೇ ಹಕ್ಕಿನ ಬಗ್ಗೆ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಬೇಕು. ಜಾಲತಾಣಕ್ಕೆ ಸಣ್ಣ ಪ್ರತಿ ಸಾಕು, ಸಾಕ್ಷಿಯಾಗುವ ಮೂಲ ರಾ ಫೈಲ್ ಮನೆಯ ಹಾರ್ಡ್‌ಡಿಸ್ಕಿನಲ್ಲಿರಲಿ. ಜಾಹೀರಾತಿಗೆ ಚಿತ್ರ ಕೇಳುವ ಹೋಂಸ್ಟೇಗಳಿಗೆ ಛಾಯಾಗ್ರಾಹಕರು ಬಿಲ್ ಬರೆದೇ ಕೊಡಲಿ.