ಅರಗಿನ ಗುಣ

ಚನ್ನಪಟ್ಟಣದ ಬೊಂಬೆಗೆ ಮೈಬಣ್ಣ ಹಚ್ಚಲು ಕುಂಚ ಬೇಡ. ಯಂತ್ರದಲ್ಲಿ ಗಿರ್ರನೆ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಸಾಕು; ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆರಿದೊಡನೆ ಗಟ್ಟಿಯಾಗುತ್ತದೆ. ಎಲ್ಲಿಯಾದರೂ ಬಿರುಕು ಕಂಡರೆ ಕುಶಲಕರ್ಮಿಯು ಕೊರಗುವುದಿಲ್ಲ. ಮತ್ತೊಮ್ಮೆ ತಿರುಗಿಸಿ ತಿಕ್ಕುತ್ತಾನೆ. ಅರಗು ಹರಿದು ಬಿರುಕು ಮುಚ್ಚುತ್ತದೆ.

ವಿಮಾನದ ರೆಕ್ಕೆಗೆ ಈ ಭಾಗ್ಯವಿಲ್ಲ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದ ರೆಕ್ಕೆಯು ಇಂಗಾಲದ ಎಳೆಗಳ ಪದರಗಳನ್ನು ಅಂಟಿನಿಂದ ಬೆಸೆದು ಮಾಡಿದ್ದು. ಇಂಥ ವಸ್ತು ಬಹು ಹಗುರ, ಬಹು ಗಟ್ಟಿ. ಆದರೆ ಪೆಟ್ಟು ಬಿದ್ದರೆ ಪದರಗಳು ಒಳಗೊಳಗೇ ಬಿಟ್ಟುಕೊಳ್ಳಬಹುದು. ಹೊರಮೈ ಮಾತ್ರ ನುಣುಪಾಗಿಯೇ ಕಾಣುತ್ತದೆ. ಭಯವಿರುವುದು ಅಲ್ಲಿಯೇ. ಒಮ್ಮೆ ಗಟ್ಟಿಯಾದ ಆ ಅಂಟು ಎಷ್ಟು ಕಾಯಿಸಿದರೂ ಮತ್ತೆ ಕರಗದು.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇದಕ್ಕೊಂದು ಉಪಾಯವನ್ನು 2022ರಲ್ಲಿ ಪ್ರಕಟಿಸಿದರು. ಪದರಗಳ ನಡುವೆ ಅರಗಿನಂತೆಯೇ ಕರಗಬಲ್ಲ ಪ್ಲಾಸ್ಟಿಕ್ಕಿನ ಜಾಲರಿ. ಜೊತೆಗೆ ವಿದ್ಯುತ್ತಿನಿಂದ ಕಾಯುವ ತೆಳು ಹಾಳೆ. ವಿದ್ಯುತ್ತು ಹರಿದೊಡನೆ ಪ್ಲಾಸ್ಟಿಕ್ಕು ಕರಗಿ, ಬಿರುಕಿಗಿಳಿದು, ಅಗಲಿದ ಪದರಗಳನ್ನು ಕೂಡಿಸುತ್ತದೆ. ಪ್ರಯೋಗಶಾಲೆಯಲ್ಲಿ 100 ಸಲ ಸೀಳಿ 100 ಸಲವೂ ಬೆಸೆದರು!

ಚನ್ನಪಟ್ಟಣದ ಅರಗಿಗೆ ಅಷ್ಟು ಸಹನೆಯಿಲ್ಲ. ಹೆಚ್ಚು ಹೊತ್ತು ಕಾಯಿಸಿದರೆ ಅದು ಕಲ್ಲಾಗಿ, ಮತ್ತೆಂದೂ ಕರಗದು.